ಕೂಲಾ ಪಾಠದಲ್ಲಿ ದೋಣಿ ಎಲ್ಲಿ? ಮಾನವಶಾಸ್ತ್ರದ ಮೇಷ್ಟ್ರುಗಳಿಗೊಂದು ಬಹಿರಂಗ ಪತ್ರ

ಕನ್ನಡ ಮಾಧ್ಯಮದಲ್ಲಿ ಮಾನವಶಾಸ್ತ್ರ ಕಲಿಸುವ, ಪ್ರಶ್ನೆಪತ್ರಿಕೆ ತೆಗೆಯುವ, ನೋಟ್ಸ್ ಬರೆದು ಹಂಚುವ ಎಲ್ಲ ಮೇಷ್ಟ್ರುಗಳಿಗೆ ಮತ್ತು ಮೇಡಂಗಳಿಗೆ ನಮಸ್ಕಾರ.

ಸಿವಿಲ್ ಸರ್ವಿಸ್ ಪರೀಕ್ಷೆಗೆ ಮಾನವಶಾಸ್ತ್ರವನ್ನು ಐಚ್ಛಿಕವಾಗಿ ಆರಿಸಿಕೊಂಡು ಕನ್ನಡದಲ್ಲಿ ಬರೆಯುವ ಹುಡುಗ ಹುಡುಗಿಯರ ಮಾದರಿ ಉತ್ತರಗಳನ್ನು ತಿದ್ದುವ ಕೆಲಸ ನನ್ನದು. ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ನೆಲೆಸಿ ಅಲ್ಲಿನವರ ಬದುಕನ್ನು ಬರೆದಿಟ್ಟ ಮಾನವಶಾಸ್ತ್ರಜ್ಞ ಮ್ಯಾಲಿನೋವ್ಸ್ಕಿ ಬಂದ ಕೂಡಲೇ ಕೂಲಾ ಬರುತ್ತದೆ, ಕೂಲಾ ಬಂದ ಕೂಡಲೇ ಒಂದೇ ಉತ್ತರ ಬರುತ್ತದೆ. ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಒಂದು ವಿಧ್ಯುಕ್ತ ವಿನಿಮಯವಿದೆ, ಕೆಂಪು ಚಿಪ್ಪಿನ ಸರಗಳಾದ ಸೌಲವ ಗಡಿಯಾರದ ದಿಕ್ಕಿಗೆ ಸುತ್ತುತ್ತವೆ, ಬಿಳಿ ಚಿಪ್ಪಿನ ತೋಳಬಳೆಗಳಾದ ಮ್ವಾಲಿ ಎದುರು ದಿಕ್ಕಿಗೆ ಸುತ್ತುತ್ತವೆ, ಇದರಿಂದ ಸಾಮಾಜಿಕ ಸಂಬಂಧ ಗಟ್ಟಿಯಾಗುತ್ತದೆ. ಪಕ್ಕದಲ್ಲೊಂದು ನಕ್ಷೆ. ನಕ್ಷೆಯಲ್ಲಿ ಐದಾರು ಗುಂಡಿಗಳು, ಅವುಗಳ ನಡುವೆ ಬಾಣಗಳು. 150 ಪದ, ಹತ್ತು ಅಂಕ, ಮುಗಿಯಿತು.

ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಆ ಬಾಣಗಳು ಸಮುದ್ರದ ಮೇಲೆ ಹೋಗುತ್ತವೆ ಎಂಬ ಸುಳಿವೇ ಅದರಲ್ಲಿ ಇರುವುದಿಲ್ಲ. ಸರ, ಬಳೆ ತಾವಾಗಿಯೇ ಈಜಿಕೊಂಡು ಹೋದವೇನೋ ಎಂಬಂತೆ ಬರೆದಿರುತ್ತಾರೆ. ತಪ್ಪು ಮಕ್ಕಳದಲ್ಲ, ನಾವು ಕೈಗಿತ್ತ ನೋಟ್ಸಿನದು. ದೋಣಿಯನ್ನು ಪಾಠದೊಳಕ್ಕೆ ತನ್ನಿ, ಅದರ ಜೊತೆಗೆ ದೋಣಿಯ ಯಜಮಾನನನ್ನೂ ತನ್ನಿ ಎಂದು ಕೇಳಲು ಈ ಪತ್ರ.

ಇದು ನನ್ನ ಹೊಸ ಶೋಧವೇನಲ್ಲ. ಮ್ಯಾಲಿನೋವ್ಸ್ಕಿ 1922ರಲ್ಲಿ ಪ್ರಕಟಿಸಿದ, ನಾವೆಲ್ಲ ಹೆಸರು ಹೇಳಿ ಬಿಡುವ ‘ಆರ್ಗೊನಾಟ್ಸ್ ಆಫ್ ದಿ ವೆಸ್ಟರ್ನ್ ಪೆಸಿಫಿಕ್’ ಎಂಬ ಆ ದಪ್ಪ ಪುಸ್ತಕದ ಪರಿವಿಡಿ ಒಮ್ಮೆ ತೆಗೆದು ನೋಡಿ. ನಾಲ್ಕು, ಐದು, ಆರನೆಯ ಅಧ್ಯಾಯಗಳು ದೋಣಿ, ದೋಣಿ ಕಟ್ಟುವ ಕ್ರಮ, ದೋಣಿಯನ್ನು ನೀರಿಗಿಳಿಸುವ ಸಡಗರ. ಆಮೇಲೆ ಪ್ರಯಾಣ, ಮೊದಲ ತಂಗುದಾಣ, ಪಿಲೋಲು ಎಂಬ ಕಡಲು, ಒಡೆದ ದೋಣಿಯ ಕಥೆ. ಡೋಬು ದ್ವೀಪದ ದಡದಲ್ಲಿ ಸರ ಕೈಗೆ ಬರುವ ಹೊತ್ತಿಗೆ ಹದಿನಾಲ್ಕನೆಯ ಅಧ್ಯಾಯ. ಆತ 1915ರಿಂದ 1918ರ ನಡುವೆ ಎರಡು ಸಲ ಹೋಗಿ ನೆಲೆಸಿ ಕಂಡದ್ದನ್ನು ಈ ಅನುಕ್ರಮದಲ್ಲೇ ಬರೆದ. ನಾವು ಹದಿನಾಲ್ಕನೆಯದರಿಂದ ಓದಲು ಶುರು ಮಾಡಿದೆವು.

ಜಾಗ ಎಲ್ಲಿದೆ ಎಂದು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಆಫ್ರಿಕಾದಲ್ಲಿಟ್ಟ ಉತ್ತರವನ್ನೂ ನಾನು ತಿದ್ದಿದ್ದೇನೆ. ನ್ಯೂಗಿನಿ ದೊಡ್ಡ ದ್ವೀಪದ ಪೂರ್ವ ತುದಿಯಾಚೆ ಚೆದುರಿ ಬಿದ್ದಿರುವ ದ್ವೀಪಗಳು ಇವು. ಇಂದು ಪಪುವಾ ನ್ಯೂಗಿನಿ ದೇಶದ ಮಿಲ್ನ್ ಬೇ ಪ್ರಾಂತ. ಕಿರಿವಿನಾ, ಕಿಟಾವಾ, ವಾಕುಟಾ ಟ್ರೋಬ್ರಿಯಾಂಡಿನವು. ದಕ್ಷಿಣಕ್ಕೆ ಆಂಫ್ಲೆಟ್ ದ್ವೀಪಗಳು, ಅದರಾಚೆ ಡೋಬು. ಪೂರ್ವಕ್ಕೆ ಗಾವಾ, ವುಡ್‌ಲಾರ್ಕ್.

ಅಲ್ಲಿ ದೋಣಿಗೆ ವಾಗಾ ಎನ್ನುತ್ತಾರೆ. ಹಿನ್ನೀರಿನಲ್ಲಿ, ದಡದ ಪಕ್ಕದಲ್ಲಿ ಓಡಾಡುವ ಚಿಕ್ಕದು ಬೇರೆ, ಮೀನಿಗೆ ಹೋಗುವುದು ಬೇರೆ, ಕಡಲು ದಾಟುವ ಮಸಾವಾ ಬೇರೆ. ಮಸಾವಾದ ಅಡಿ ಒಂದೇ ಮರದ ದಿಮ್ಮಿ, ಒಳಗನ್ನು ಬಾಚಿಯಿಂದ ಕೊರೆದು ತೆಗೆದದ್ದು. ಅದರ ಮೇಲೆ ಎರಡೂ ಪಕ್ಕ ಹಲಗೆ ಕಟ್ಟಿ ಎತ್ತರಿಸುತ್ತಾರೆ. ಒಂದು ಮಗ್ಗುಲಿಗೆ ಅಡ್ಡಗಳುಗಳ ತುದಿಯಲ್ಲಿ ತೇಲುದಿಮ್ಮಿ. ಕೇದಗೆ ಜಾತಿಯ ಗಿಡದ ಓಲೆ ಹೊಲಿದು ಮಾಡಿದ ಹಾಯಿ. ಇಡೀ ದೋಣಿಯಲ್ಲಿ ಒಂದು ಮೊಳೆಯಿಲ್ಲ. ವಾಯುಗೊ ಎಂಬ ಬಳ್ಳಿಯಿಂದ ಬಿಗಿದು ಕಟ್ಟಿದ್ದೇ ಎಲ್ಲ. ನಡುಗಡಲಿನಲ್ಲಿ ಬಳ್ಳಿ ಸಡಿಲವಾದರೆ ಹಲಗೆ ಬೇರೆ, ದಿಮ್ಮಿ ಬೇರೆ, ಮನುಷ್ಯರು ಬೇರೆ. ಅದಕ್ಕೇ ಕಟ್ಟುವ ಕೆಲಸದ ಎರಡನೆಯ ಘಟ್ಟದಲ್ಲಿ ಎಲ್ಲಕ್ಕಿಂತ ದೊಡ್ಡ ಮಂತ್ರ ಆ ಬಳ್ಳಿಗೇ ಮೀಸಲು.

ತೇಲುದಿಮ್ಮಿ ಯಾವಾಗಲೂ ಗಾಳಿ ಬೀಸುವ ಕಡೆಗೇ ಇರಬೇಕು. ಹಾಗಾಗಿ ಗಾಳಿಗೆ ತಕ್ಕಂತೆ ದಿಕ್ಕು ಬದಲಿಸಬೇಕಾದಾಗ ದೋಣಿಯನ್ನು ತಿರುಗಿಸುವುದಿಲ್ಲ, ಹಿಂದಿನ ತುದಿಯನ್ನೇ ಮುಂದು ಮಾಡುತ್ತಾರೆ. ಮುಂದೆ ಹಿಂದೆ ಎಂಬ ಭೇದ ಆ ದೋಣಿಗೆ ಇಲ್ಲವಾದ್ದರಿಂದ ಅಲಂಕಾರದ ಹಲಗೆಗಳೂ ಎರಡೂ ತುದಿಗೆ ಬೇಕು. ಎದುರುಗಾಳಿಗೆ ಮೂತಿ ಕೊಟ್ಟು ಏರಿಹೋಗುವ ಶಕ್ತಿ ಇದಕ್ಕಿಲ್ಲ. ಯಾವ ತಿಂಗಳಲ್ಲಿ ಯಾವ ಗಾಳಿ ಎಂದು ನೋಡಿಕೊಂಡೇ ಕೂಲಾ ಯಾತ್ರೆ ಗೊತ್ತು ಮಾಡಬೇಕು. ಮಕ್ಕಳು ಬರೆಯುವ ನಕ್ಷೆಯಲ್ಲಿ ಬಾಣಗಳಿವೆ, ಗಾಳಿ ಇಲ್ಲ ಎಂದು ನನ್ನ ಗೊಣಗಾಟ ಇದಕ್ಕೇ.

ಈಗ ಅಲಂಕಾರದ ಮಾತು. ನೋಟ್ಸಿನಲ್ಲಿ ‘ದೋಣಿಗಳನ್ನು ಸುಂದರವಾಗಿ ಅಲಂಕರಿಸುತ್ತಾರೆ’ ಎಂಬ ಒಂದು ಸಾಲು ಇದ್ದರೆ ನಮ್ಮ ಪುಣ್ಯ.

ಎರಡೂ ತುದಿಯಲ್ಲಿ ಎರಡೆರಡು ಹಲಗೆಗಳು. ದೋಣಿಗೆ ಅಡ್ಡವಾಗಿ, ನೀರು ಒಳಗೆ ಬಾರದಂತೆ ನಿಲ್ಲುವುದು ಲಗಿಮ್. ಅದರ ಮುಂದೆ ಉದ್ದುದ್ದಕ್ಕೆ ಅಲೆ ಸೀಳಿಕೊಂಡು ಹೋಗುವುದು ತಬುಯಾ. ಮೇಲೆ ಸುರುಳಿ ಸುರುಳಿಯಾಗಿ ಕೊರೆದ ಕೆತ್ತನೆ, ಅದಕ್ಕೆ ಕೆಂಪು, ಕಪ್ಪು, ಬಿಳಿ ಬಣ್ಣ. ಲಗಿಮ್‌ನ ನೆತ್ತಿಯಲ್ಲಿ ಪುಟ್ಟ ಮನುಷ್ಯಾಕೃತಿ. ದೋಣಿಯ ಉದ್ದಕ್ಕೂ ಬಿಳಿ ಕವಡೆಗಳ ಸಾಲು. ಕೆತ್ತನೆಯ ನಡುವೆ ಹಕ್ಕಿಗಳು, ಅದರಲ್ಲೂ ಗುರಿ ತಪ್ಪದೆ ಮೀನನ್ನು ಎತ್ತುವ ಬುರಿಬ್ವಾರಿ ಎಂಬ ಹದ್ದಿನ ಜಾತಿಯ ಹಕ್ಕಿ. ಗುರಿ ತಪ್ಪದ ಹಕ್ಕಿಯನ್ನು ಯಾಕೆ ದೋಣಿಯ ಮೂತಿಗೆ ಕೊರೆಯುತ್ತಾರೆ ಎಂದು ಕೇಳಿದರೆ ತರಗತಿಯಲ್ಲಿ ಯಾವ ಮಗುವಾದರೂ ಉತ್ತರ ಕೊಟ್ಟೀತು. ಇದನ್ನು ಕೊರೆಯಲು ಯಾವ ಬಡಗಿಯೂ ಆಗುವುದಿಲ್ಲ. ಕೆತ್ತನೆಯ ಮಂತ್ರ ಪಡೆದು ಹಿರಿಯ ಕುಶಲಿಯ ಕೈಕೆಳಗೆ ಕಲಿತ ತೊಕಬಿತಮ್ ಆಗಬೇಕು. ಅವನನ್ನು ಕರೆಸಬೇಕು, ಉಣಿಸಬೇಕು, ಸಂಭಾವನೆ ಕೊಡಬೇಕು.

ಇಷ್ಟೆಲ್ಲ ಯಾಕೆ? ಈ ಪ್ರಶ್ನೆಯ ಉತ್ತರದಲ್ಲೇ ಕೂಲಾದ ಗುಟ್ಟು ಇದೆ ಎಂಬುದು ನನ್ನ ವಾದ. ದೊಡ್ಡ ಕೂಲಾ ಯಾತ್ರೆ ಹೊರಟವರು ಆ ಸಲ ಕೊಡಲು ಸರವನ್ನೋ ಬಳೆಯನ್ನೋ ಒಯ್ಯುವುದಿಲ್ಲ. ಅವರು ಹೋಗುವುದು ಪಡೆಯಲು. ಎದುರಿನ ದ್ವೀಪದಲ್ಲಿ ಇವರೊಂದಿಗೆ ಕೂಲಾ ನಡೆಸುವ ಜೊತೆಗಾರ ಮುಂದೊಂದು ದಿನ ಇವರ ದ್ವೀಪಕ್ಕೆ ಬಂದಾಗ ಇವರು ಕೊಡುತ್ತಾರೆ. ಅಂದರೆ ದಡದಲ್ಲಿ ನಿಂತವನ ಕೈಯಲ್ಲಿ ಅಮೂಲ್ಯವಾದ ವಸ್ತು ಇದೆ, ಬರುತ್ತಿರುವವನ ಕೈ ಬರಿದು. ಒಳ್ಳೆಯ ಸರವನ್ನು ಇವನಿಗೇ ಏಕೆ ಕೊಡಬೇಕು? ಅವನಿಗೆ ಬೇರೆ ಜೊತೆಗಾರರೂ ಇದ್ದಾರೆ, ನೆವ ಹೇಳಿ ಚಿಕ್ಕದೊಂದನ್ನು ಕೊಟ್ಟು ಕಳುಹಿಸಲೂಬಹುದು. ಬಂದವನು ಚೌಕಾಸಿ ಮಾಡುವಂತಿಲ್ಲ. ಚೌಕಾಸಿ ಮಾಡಿ ಮಡಕೆ, ತೆಂಗಿನಕಾಯಿ, ಬಾಚಣಿಗೆ ಕೊಂಡು ಮಾರುವ ವ್ಯವಹಾರ ಬೇರೆ ಇದೆ, ಗಿಮ್ವಾಲಿ ಎನ್ನುತ್ತಾರೆ. ಕೂಲಾ ಜೊತೆಗಾರನೊಂದಿಗೆ ಅದು ಕೂಡದು. ಕೂಲಾದಲ್ಲಿ ಯಾರಾದರೂ ಸಣ್ಣ ಬುದ್ಧಿ ತೋರಿಸಿದರೆ ‘ಗಿಮ್ವಾಲಿ ಮಾಡಿದ ಹಾಗೆ ಮಾಡಿದ’ ಎಂದು ಆಡಿಕೊಳ್ಳುತ್ತಾರೆ.

ಬಾಯಿ ಕಟ್ಟಿದೆ, ಕೈ ಖಾಲಿ. ಉಳಿದಿರುವುದು ರೂಪ. ಡೋಬು ತಲುಪುವ ಮುನ್ನ ಸರುಬ್ವೊಯ್ನಾ ಎಂಬ ಕಡಲತೀರದಲ್ಲಿ ದೋಣಿಗಳೆಲ್ಲ ನಿಲ್ಲುತ್ತವೆ. ಎಲ್ಲರೂ ಮೀಯುತ್ತಾರೆ, ಕೊಬ್ಬರಿ ಎಣ್ಣೆ ಪೂಸಿಕೊಳ್ಳುತ್ತಾರೆ, ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಾರೆ, ಪ್ರತಿಯೊಂದಕ್ಕೂ ಮ್ವಸಿಲಾ ಎಂಬ ಮಂತ್ರ. ನೋಡಿದವನ ಮನಸ್ಸು ಮೆತ್ತಗಾಗಬೇಕು, ಅವನ ಕೈ ಸಡಿಲವಾಗಬೇಕು. ಆಮೇಲೆ ಶಂಖ ಊದಿಕೊಂಡು ಸಾಲಾಗಿ ಹೊರಡುತ್ತಾರೆ. ದಡದವನ ಕಣ್ಣಿಗೆ ಮೊದಲು ಬೀಳುವುದು ಮನುಷ್ಯರಲ್ಲ, ನೀರಿನ ಮೇಲೆ ತೊನೆಯುತ್ತ ಬರುವ ಆ ಹಲಗೆಗಳು. ಬ್ರಿಟಿಷ್ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಗೆಲ್ 1992ರಲ್ಲಿ ಈ ಹಲಗೆಗಳನ್ನೇ ಹಿಡಿದುಕೊಂಡು ಒಂದು ಹೆಸರಾಂತ ಪ್ರಬಂಧ ಬರೆದ. ಮನುಷ್ಯನ ಕೈಯಿಂದ ಹೀಗೂ ಆಗುತ್ತದೆಯೇ ಎಂದು ನೋಡಿದವನು ಬೆರಗಾಗುತ್ತಾನೆ, ಆ ಬೆರಗಿನಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚೇ ಕೊಟ್ಟುಬಿಡುತ್ತಾನೆ, ಹಲಗೆಯನ್ನು ಮಾಡಿರುವುದೇ ಆ ಕೆಲಸಕ್ಕೆ ಎಂಬುದು ಅವನ ವಾದದ ತಿರುಳು. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಡೋಬುವಿನವನೂ ಇಂಥದೇ ದೋಣಿ ಏರಿ ಉತ್ತರಕ್ಕೆ ಹೋಗಿಬಂದವನು, ಕೆತ್ತನೆ ನೋಡಿ ಅಷ್ಟು ಸುಲಭಕ್ಕೆ ಮರುಳಾಗುವ ಆಸಾಮಿ ಅಲ್ಲ. ಆದರೂ ಅಲಂಕಾರವನ್ನು ಬರೀ ಅಂದಕ್ಕೆ ಎಂದು ಬಿಡುವ ನಮ್ಮ ನೋಟ್ಸಿಗಿಂತ ಇದು ಸಾವಿರ ಪಾಲು ಮೇಲು. ಕೂಲಾ, ಕಲೆ, ಮಂತ್ರ ಎಂದು ಮೂರು ಬೇರೆ ಪಾಠ ಮಾಡುವ ಬದಲು ಒಂದು ಹಲಗೆ ಇಟ್ಟುಕೊಂಡು ಮೂರನ್ನೂ ಹೇಳಿಬಿಡಬಹುದು.

ಇನ್ನು ಯಜಮಾನ. ಅವನನ್ನು ತೊಲಿವಾಗಾ ಎನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಕಲಿಸಲು ಅತ್ಯಂತ ರಸವತ್ತಾದ ಭಾಗ ಇದು.

ಅವನು ಯಾರು? ಸಾಮಾನ್ಯವಾಗಿ ಊರಿನ ಮುಖ್ಯಸ್ಥ, ಕೆಲವೆಡೆ ದೊರೆಯೇ. ದೋಣಿ ಕಟ್ಟಬೇಕು ಎಂದು ಹೊರಡುವವನು ಅವನು. ಮರ ಗೊತ್ತುಮಾಡುತ್ತಾನೆ. ಮರದಲ್ಲಿ ತೊಕ್ವಾಯ್ ಎಂಬ ಭೂತ ವಾಸವಾಗಿರುತ್ತದೆ, ಕಡಿಯುವ ಮುನ್ನ ಅದಕ್ಕೆ ಚೂರು ಆಹಾರ ಕೊಟ್ಟು ‘ಇಳಿದು ಹೋಗು’ ಎಂದು ಒಕ್ಕಲೆಬ್ಬಿಸಬೇಕು. ಕಡಿದ ದಿಮ್ಮಿಯನ್ನು ಊರವರೆಲ್ಲ ಸೇರಿ ಎಳೆಯುವಾಗ ಅದು ಭಾರವಾದರೆ, ಮಂತ್ರ ಹೇಳುತ್ತ ಒಣಹುಲ್ಲಿನ ಕಂತೆಯಿಂದ ಅದನ್ನು ಬಡಿದು ಭಾರ ಇಳಿಸುತ್ತಾರೆ. ಕೊರೆಯುವ ಕೆಲಸ ನಿಧಾನ, ಕೆಲವರೇ ಮಾಡುವಂಥದು. ಹಲಗೆ ಏರಿಸುವುದು, ಬಳ್ಳಿ ಬಿಗಿಯುವುದು, ಸಂದಿ ಮುಚ್ಚುವುದು, ಬಣ್ಣ ಹಚ್ಚುವುದು ಬಂದಾಗ ಇಡೀ ಊರು ಕೂಡುತ್ತದೆ, ಒಂದೆರಡು ವಾರದಲ್ಲಿ ಮುಗಿಯುತ್ತದೆ. ಅಷ್ಟೂ ಮಂದಿಯ ಊಟ ಯಜಮಾನನ ಖರ್ಚು. ತಜ್ಞನಿಗೆ ಕೊಡುವುದೂ ಅವನೇ. ಮಂತ್ರ ಅವನೇ ಹೇಳಬೇಕು, ಇಲ್ಲವೇ ಬಲ್ಲವನನ್ನು ಕರೆಸಬೇಕು. ಗೆಣಸಿನ ಕಣಜ ತುಂಬಿಲ್ಲದವನು ದೋಣಿಯ ಯಜಮಾನ ಆಗಲಾರ.

ಪ್ರತಿಯಾಗಿ ಅವನಿಗೆ ಏನು? ಯಾತ್ರೆಗೆ ಯಾರು ಬರಬೇಕು ಎಂದು ಹೇಳುವುದು ಅವನು. ದೋಣಿಯ ಹೆಸರು ಅವನ ಹೆಸರಿನೊಂದಿಗೆ ಕೂಡಿಕೊಳ್ಳುತ್ತದೆ. ದೋಣಿಯ ನಡುವಿನ ಅಂಕಣದಲ್ಲಿ ಲಿಲಾವಾ ಎಂಬ ಮಂತ್ರಿಸಿದ ಗಂಟು ಇಡುವ ಹಕ್ಕು ಅವನದು, ಡೋಬು ಮುಟ್ಟುವ ತನಕ ಅದನ್ನು ಬಿಚ್ಚುವಂತಿಲ್ಲ. ದೋಣಿಯಲ್ಲಿ ಎಲ್ಲರೂ ಸಮಾನರಲ್ಲ ಎಂಬುದನ್ನೂ ಗಮನಿಸಿ. ಉಸಗೆಲು ಎಂಬ ಸಹಯಾತ್ರಿಗಳು ತಮ್ಮ ತಮ್ಮ ಜೊತೆಗಾರರೊಂದಿಗೆ ಕೂಲಾ ಮಾಡಬಹುದು. ಸಿಲಸಿಲಾ ಎಂಬ ಸಹಾಯಕರು ಹಾಯಿ ಹಗ್ಗ ನೋಡಿಕೊಳ್ಳುತ್ತಾರೆ, ಕೂಲಾ ಮಾಡುವಂತಿಲ್ಲ.

ಹಾಗಾದರೆ ದೋಣಿ ಯಾರದು? ತೊಲಿವಾಗಾನದು ಎಂದು ಬರೆದರೆ, ಕಟ್ಟಿದ್ದು ಊರು. ಊರಿನದು ಎಂದು ಬರೆದರೆ, ಯಜಮಾನನ ಮಾತಿಲ್ಲದೆ ಅದು ನೀರಿಗೆ ಇಳಿಯುವುದಿಲ್ಲ. ಮ್ಯಾಲಿನೋವ್ಸ್ಕಿ 1926ರ ಇನ್ನೊಂದು ಪುಸ್ತಕದಲ್ಲಿ ಈ ಗಂಟನ್ನೇ ಬಿಡಿಸಲು ಕೂತ. ಆಗ ‘ಆದಿಮ ಸಮತಾವಾದ’ ಎಂಬ ಮಾತು ಚಲಾವಣೆಯಲ್ಲಿತ್ತು. ಅದೂ ಅಲ್ಲ, ನಮ್ಮ ಅರ್ಥದ ಖಾಸಗಿ ಆಸ್ತಿಯೂ ಅಲ್ಲ ಎಂದ. ಮೀನಿಗೆ ಹೋಗುವ ದೋಣಿಯಲ್ಲೂ ಪ್ರತಿಯೊಬ್ಬನಿಗೂ ಒಂದು ಗೊತ್ತಾದ ಜಾಗ ಇದೆ, ಆ ಜಾಗದೊಂದಿಗೆ ಒಂದು ಗೊತ್ತಾದ ಕೆಲಸ ಅಂಟಿದೆ. ಮೀನಿಗೆ ಹೊರಡುವ ದಿನ ತನ್ನ ಜಾಗಕ್ಕೆ ಬರುವುದು ಅವನ ಹಕ್ಕೂ ಹೌದು, ಕಟ್ಟುಪಾಡೂ ಹೌದು. ಬರಲಾಗದಿದ್ದರೆ ಬದಲಿಯೊಬ್ಬನನ್ನು ಕೊಡಬೇಕು, ಯಜಮಾನನಿಗೂ ಇದರಿಂದ ವಿನಾಯಿತಿ ಇಲ್ಲ. ಒಡೆತನ ಎಂದರೆ ಹಕ್ಕಿನ ಪತ್ರವಲ್ಲ, ಒಬ್ಬರಿಗೊಬ್ಬರು ಕೊಡಬೇಕಾದ ಬಾಕಿಗಳ ಕಟ್ಟು. ಆಸ್ತಿ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಿಮಗೆ ಸಿಕ್ಕರೆ ದಯವಿಟ್ಟು ನನಗೂ ತಿಳಿಸಿ.

ಮುಂದೆ ಆ ಸ್ಥಾನ ಯಾರಿಗೆ ಹೋಗುತ್ತದೆ ಎಂಬುದನ್ನು ಕರಾವಳಿಯ ಮಕ್ಕಳಿಗೆ ವಿವರಿಸುವುದು ಬಲು ಸುಲಭ. ಅಲ್ಲಿ ವಂಶ ತಾಯಿಯ ಕಡೆಯಿಂದ, ಆಸ್ತಿ ಮತ್ತು ಮಂತ್ರ ಸೋದರಮಾವನಿಂದ ಸೋದರಳಿಯನಿಗೆ. ಅಳಿಯಸಂತಾನ ಎಂದರೆ ಸಾಕು, ತುಳುನಾಡಿನ ಮಕ್ಕಳ ಮುಖದಲ್ಲಿ ಅರ್ಥವಾದ ಕಳೆ ಬರುತ್ತದೆ. ಆದರೆ ಒಂದು ಕೊಕ್ಕೆ ಇದೆ. ಹೇಗೂ ತನಗೆ ಬರಬೇಕಾದದ್ದನ್ನೇ ಮಾವ ಬದುಕಿರುವಾಗ ಪಡೆಯಬೇಕಾದರೆ ಅಳಿಯ ಕಂತು ಕಂತಾಗಿ ಕಾಣಿಕೆ ಸಲ್ಲಿಸಬೇಕು. ಇದಕ್ಕೆ ಪೊಕಾಲಾ ಎನ್ನುತ್ತಾರೆ. ಅದೇ ಮನುಷ್ಯ ತನ್ನ ಸ್ವಂತ ಮಗನಿಗೆ ಮಂತ್ರವನ್ನು ಪುಕ್ಕಟೆ ಕಲಿಸಿಬಿಡುತ್ತಾನೆ! ಕಾಯದೆ ಒಂದು ಕಡೆ ಎಳೆದರೆ ಕರುಳು ಇನ್ನೊಂದು ಕಡೆ. ಬಂಧುತ್ವದ ಪಾಠದಲ್ಲಿ ಮಕ್ಕಳು ತೂಕಡಿಸುವಾಗ ಇದನ್ನು ಹೇಳಿ ನೋಡಿ.

ನೀರಿಗಿಳಿದ ಹೊಸ ದೋಣಿಗಳ ಓಟವನ್ನೂ ಮ್ಯಾಲಿನೋವ್ಸ್ಕಿ ಕಂಡಿದ್ದ. ಒಮರಕಾನದ ದೊರೆ ತೊಉಲುವಾನ ದೋಣಿಯ ಹೆಸರು ನಿಗಡ ಬುವಾ, ಅಡಿಕೆ ಬೇಡುವುದು ಎಂದರ್ಥ. ಮಲೆನಾಡಿನವರಿಗೆ ಈ ಹೆಸರು ಕೇಳಿ ಖುಷಿಯಾಗಬೇಕು. ಓಟದಲ್ಲಿ ದೊರೆಯ ದೋಣಿಯೇ ಮುಂದೆ ಬರಬೇಕೆಂಬುದು ರಿವಾಜು, ಉಳಿದವರು ಹುಷಾರಾಗಿ ಹಿಂದೆ ಉಳಿಯುತ್ತಾರೆ. ಆ ವೇಗದ ಹಂಬಲದ ಹಿಂದೆ ಕಿಟಾವಾ ದ್ವೀಪದ ಒಂದು ಕಥೆಯೂ ಇದೆ. ಕುದಯೂರಿ ಎಂಬ ಊರಿನಲ್ಲಿ ಮೊಕಟುಬೋದ ಎಂಬವನು ಕಡಲದಡ ಬಿಟ್ಟು ಊರ ನಡುವೆಯೇ ದೋಣಿ ಕಟ್ಟಿದ. ಎಲ್ಲರೂ ನಕ್ಕರು. ಉಳಿದವರು ನೀರಿನಲ್ಲಿ ಹೊರಟ ಮೇಲೆ ಇವನ ದೋಣಿ ಹಾರಿಹೋಗಿ ಎಲ್ಲರಿಗಿಂತ ಮೊದಲು ತಲುಪಿತು. ಆಮೇಲೆ ಬರ ಬಂತು, ಅವನ ತೋಟಕ್ಕೆ ಮಾತ್ರ ಮಳೆ ಬೀಳತೊಡಗಿತು, ಹೊಟ್ಟೆಕಿಚ್ಚಿಗೆ ಅವನ ತಮ್ಮನೇ ಅವನನ್ನು ಕೊಂದ. ಮಂತ್ರವನ್ನು ಅವನು ಪೂರ್ತಿ ಕಲಿಸಿರಲಿಲ್ಲ. ತಮ್ಮ ಎಷ್ಟು ಜಪಿಸಿದರೂ ದೋಣಿ ಏಳಲಿಲ್ಲ. ಇವತ್ತಿನ ದೋಣಿಗೆ ಉಳಿದಿರುವುದು ಆ ಮಂತ್ರದ ಚೂರುಪಾರು, ಆದ್ದರಿಂದ ಹಾರುವುದಿಲ್ಲ, ಬರೀ ಬೇಗ ಓಡುತ್ತದೆ. ಮಿಥಕದ ಪ್ರಶ್ನೆಗೆ ಇದನ್ನೂ ಬಳಸಬಹುದು.

ಗಾವಾ ದ್ವೀಪದ ವಿಷಯ ಚುಟುಕಾಗಿ ಹೇಳುತ್ತೇನೆ. ನ್ಯಾನ್ಸಿ ಮನ್ ಎಂಬ ವಿದುಷಿ ಅಲ್ಲಿ ಕೆಲಸ ಮಾಡಿ ತೋರಿಸಿದಂತೆ, ಗಾವಾದವರು ಕಟ್ಟುವ ದೊಡ್ಡ ದೋಣಿಗಳು ಅವರ ಬಳಿ ಉಳಿಯುವುದಿಲ್ಲ. ಅವು ದ್ವೀಪದಿಂದ ದ್ವೀಪಕ್ಕೆ ಕೈ ಬದಲಾಗುತ್ತ ಹೋಗುತ್ತವೆ, ಪ್ರತಿಯಾಗಿ ಕೂಲಾ ಚಿಪ್ಪುಗಳು ಬರುತ್ತವೆ. ಯಾತ್ರೆಯ ವಾಹನವೇ ಯಾತ್ರೆಯ ವಸ್ತು. ಸರ ಮತ್ತು ಬಳೆ ಎರಡೇ ಎಂದು ಬರೆದವರಿಗೆ ಇಲ್ಲೊಂದು ತಿದ್ದುಪಡಿ ಬೇಕು.

ಕೊನೆಯದಾಗಿ ಒಂದು ಆಕ್ಷೇಪ. ನಮ್ಮ ಉತ್ತರಗಳಲ್ಲೆಲ್ಲ ‘ಟ್ರೋಬ್ರಿಯಾಂಡರು ಮಾಡುತ್ತಾರೆ, ಹೋಗುತ್ತಾರೆ, ಕೊಡುತ್ತಾರೆ’ ಎಂದು ವರ್ತಮಾನ ಕಾಲ. ಈ ಪತ್ರದಲ್ಲೂ ಅಭ್ಯಾಸಬಲದಿಂದ ಅದೇ ಬಂದಿದೆ ನೋಡಿ. ಬರೆದಿಟ್ಟದ್ದು ನೂರು ವರ್ಷದ ಹಿಂದಿನದು. ಪಪುವಾ ನ್ಯೂಗಿನಿ 1975ರಲ್ಲಿ ಸ್ವತಂತ್ರವಾಯಿತು. ಇಂದು ಆ ಕಡಲಿನಲ್ಲಿ ಫೈಬರ್ ದೋಣಿಗಳಿವೆ, ಔಟ್‌ಬೋರ್ಡ್ ಮೋಟಾರುಗಳಿವೆ. ಗಾಳಿಗಾಗಿ ಕಾಯುವುದು ತಪ್ಪಿತು, ಪೆಟ್ರೋಲಿಗೆ ದುಡ್ಡು ಹೊಂದಿಸುವುದು ಶುರುವಾಯಿತು. ದೋಣಿಯ ಯಜಮಾನನಿಗೆ ಈಗ ಗೆಣಸಿನ ಕಣಜದ ಜೊತೆ ಪಟ್ಟಣದಲ್ಲಿ ಸಂಬಳ ತರುವ ನೆಂಟನೂ ಬೇಕು. ಆದರೂ ಕೂಲಾ ನಿಂತಿಲ್ಲ, ಹಾಯಿದೋಣಿಯೂ ಪೂರ್ತಿ ಮಾಯವಾಗಿಲ್ಲ. ಪ್ರಾಂತದ ರಾಜಧಾನಿ ಅಲೊಟಾವಿನಲ್ಲಿ ನವೆಂಬರಿನಲ್ಲಿ ಕೆನು ಅಂಡ್ ಕುಂಡು ಎಂಬ ಉತ್ಸವ ನಡೆಯುತ್ತದೆ, ಕೆನು ದೋಣಿ, ಕುಂಡು ಡೋಲು. ಸಿಂಗರಿಸಿದ ದೋಣಿಗಳನ್ನು ಕೊಲ್ಲಿಯಲ್ಲಿ ಓಡಿಸುತ್ತಾರೆ, ಜನ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ಕೆತ್ತಿದ ಹಲಗೆಗಳು ಪ್ರವಾಸಿಗರಿಗೆ ಮಾರಾಟಕ್ಕೂ ಬಂದಿವೆ, ದೂರದ ವಸ್ತುಸಂಗ್ರಹಾಲಯಗಳ ಗೋಡೆಗೂ ಏರಿವೆ. ದೋಣಿಯಿಂದ ಕಳಚಿದ ಹಲಗೆ ಯಾರನ್ನು ಮರುಳು ಮಾಡಬೇಕು, ಏನನ್ನು ಪಡೆಯಬೇಕು? ಕಲಾವಸ್ತು, ಸರಕು ಎಂಬ ಚರ್ಚೆಗೆ ಮಕ್ಕಳನ್ನು ಇಲ್ಲಿಂದ ಕರೆದೊಯ್ಯಬಹುದು.

ನನ್ನ ಬೇಡಿಕೆ ದೊಡ್ಡದೇನಲ್ಲ. ಕೂಲಾಕ್ಕೆ ನೀವು ಕೊಡುವ ಒಂದು ಗಂಟೆಯಲ್ಲಿ ಅರ್ಧ ಗಂಟೆ ದೋಣಿಗೆ ಕೊಡಿ. ನಕ್ಷೆ ಬಿಡಿಸಿದರೆ ಬಾಣದ ಪಕ್ಕ ಗಾಳಿಯ ದಿಕ್ಕನ್ನೂ ಬರೆಯಲು ಹೇಳಿ. ಪ್ರಶ್ನೆಪತ್ರಿಕೆ ತೆಗೆಯುವವರು ‘ಕೂಲಾ ಕುರಿತು ಟಿಪ್ಪಣಿ ಬರೆಯಿರಿ’ ಎಂಬುದನ್ನು ಒಂದೆರಡು ವರ್ಷ ಬದಿಗಿಟ್ಟು ‘ಮಸಾವಾ ದೋಣಿ ಯಾರ ಆಸ್ತಿ? ಚರ್ಚಿಸಿ’ ಎಂದು ಕೇಳಿ ನೋಡಿ. ನೋಟ್ಸಿನಲ್ಲಿ ಉತ್ತರ ಸಿಗದೆ ಮಕ್ಕಳು ಮೊದಲ ವರ್ಷ ನಿಮ್ಮನ್ನು ಬೈಯುತ್ತಾರೆ. ಎರಡನೆಯ ವರ್ಷ ನಾಲ್ಕನೆಯ ಅಧ್ಯಾಯದಿಂದ ಓದಿಕೊಂಡು ಬರುತ್ತಾರೆ, ತಿದ್ದುವ ನನಗೂ ಹೊಸದೇನಾದರೂ ಓದಲು ಸಿಗುತ್ತದೆ.

ಇತಿ ನಿಮ್ಮ ವಿಶ್ವಾಸಿ,
ಉತ್ತರಪತ್ರಿಕೆ ತಿದ್ದುವವನೊಬ್ಬ